ಹಾಲಮ್ಮ ಮದ್ದು ಹಾಕಿದ್ದು

ನಮ್ಮೂರಿನಲ್ಲಿ ಯಾರೂ ಯಾರನ್ನೂ ಹುಷಾರಾಗಿದ್ದೀರಾ ಎಂದು ಕೇಳುವುದಿಲ್ಲ. ಹೊಸ್ತಿಲು ನೋಡಿಕೊಂಡು ಮುಂದೆ ಹೋಗುತ್ತಾರೆ. ಮನೆಯೊಳಗೆ ಯಾರಿಗಾದರೂ ಕೆಮ್ಮು ಬಲಿತರೆ ಬಾಗಿಲ ಪಕ್ಕ ಆಡುಸೋಗೆ ಏಳುತ್ತದೆ. ಕಾಮಾಲೆಯಾದರೆ ನೆಲನೆಲ್ಲಿ, ಮೈಕೈ ನೋವಿಗೆ ಲಕ್ಕಿ, ನೆಗಡಿಗೆ ತುಂಬೆ. ಚಪ್ಪಡಿ ಹಾಸಿದರೆ ಸಂದಿಯಲ್ಲಿ ಬರುತ್ತದೆ, ಸಿಮೆಂಟು ಬಳಿದರೆ ಸಿಮೆಂಟು ಬಿರಿಯುತ್ತದೆ. ಕಾಯಿಲೆ ಹೋದ ಮೇಲೆ ಗಿಡವೂ ತಾನಾಗಿ ಒಣಗುತ್ತದೆ. ಹೆಣ್ಣು ನೋಡಲು ಬಂದವರು ಹೆಣ್ಣಿಗಿಂತ ಮೊದಲು ಬಾಗಿಲ ಬುಡ ನೋಡುತ್ತಾರೆ. ವಠಾರದಲ್ಲಿ ನಾಲ್ಕು ಸಂಸಾರಕ್ಕೆ ಒಂದೇ ಬಾಗಿಲಿದ್ದರಂತೂ ಗಿಡ ಯಾರದ್ದು ಎಂಬ ಜಗಳಕ್ಕೆ ಹಗಲು ಸಾಲುವುದಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಹೊಳೆಯ ಆಚೆ ದಡದವರೆಗೆ ಬಂದು ಅಲ್ಲೇ ನಿಂತಿದೆ, ನಮ್ಮೂರಿಗೆ ದಾಟಿಲ್ಲ.

ಈ ಗಿಡಗಳಿಗೆ ಊರು ಎರಡು ಕಟ್ಟಳೆ ಮಾಡಿಕೊಂಡಿದೆ. ಮೊದಲನೆಯದು, ಚಿವುಟಿದವರದ್ದೇ ಗಿಡ. ಮನೆಯಲ್ಲಿ ಯಾರು ಮೊದಲ ಕುಡಿ ಚಿವುಟಿ ಬಾಯಿಗೆ ಹಾಕಿಕೊಳ್ಳುತ್ತಾರೋ ಕಾಯಿಲೆ ಅವರದ್ದು, ಗಿಡವೂ ಅವರದ್ದು. ಆಮೇಲೆ ಯಾರೂ ಪ್ರಶ್ನೆ ಕೇಳುವ ಹಾಗಿಲ್ಲ. ಎರಡನೆಯದು, ಇನ್ನೊಬ್ಬರ ಹೊಸ್ತಿಲಿಗೆ ಕೈ ಹಾಕಬಾರದು. ಅಲ್ಲಿಂದ ಒಂದು ಎಲೆ ಕೀಳಬಾರದು, ಅಲ್ಲಿ ಒಂದು ಬೀಜ ಬಿಸಾಡಬಾರದು. ಬಿಸಾಡಿದವರನ್ನು 'ಮದ್ದು ಹಾಕಿದರು' ಎನ್ನುತ್ತಾರೆ. ಮದ್ದು ಕೊಟ್ಟವರಿಗೆ ಕೈಮುಗಿಯುತ್ತೇವೆ, ಮದ್ದು ಹಾಕಿದವರಿಗೆ ನೀರೂ ಕೊಡುವುದಿಲ್ಲ. ಒಂದೇ ಮಾತು, ಕೊಡುವುದಕ್ಕೂ ಹಾಕುವುದಕ್ಕೂ ಅಷ್ಟು ಅಂತರ.

ನನ್ನ ಹೆಸರು ವನಜಾಕ್ಷಿ. ಬೀದಿಯ ಹೆಂಗಸರ ರವಿಕೆ ಹೊಲಿಯುವವಳು ನಾನೇ. ಮನೆಯ ಮುಂದಿನ ಕೋಣೆಯಲ್ಲಿ ಮೆಷಿನ್ ಹಾಕಿಕೊಂಡಿದ್ದೇನೆ. ಗಂಡ ಹೊಳೆಯಲ್ಲಿ ಲಾಂಚ್ ಓಡಿಸುತ್ತಾರೆ. ದಿನವಿಡೀ ಇಂಜಿನ್ನಿನ ಸದ್ದು ಕೇಳಿ ಕೇಳಿ ಮನೆಗೆ ಬಂದರೆ ಅವರಿಗೆ ನನ್ನ ಮಾತೂ ಕೇಳಿಸುವುದಿಲ್ಲ, ಅದೊಂದು ಅನುಕೂಲ. ಪಕ್ಕದ ಮನೆಯಲ್ಲಿ ಅತ್ತೆ ಹಾಲಮ್ಮ, ಮೈದುನ ರುದ್ರೇಶಿ, ಅವನ ಹೆಂಡತಿ ಗಂಗಾಂಬಿಕೆ. ನಾವೆಲ್ಲ ಅವಳನ್ನು ಅಂಬಿ ಎನ್ನುತ್ತೇವೆ. ನನಗೂ ಅತ್ತೆಗೂ ಒಂದೇ ಒಲೆಯ ಮೇಲೆ ಬೇಳೆ ಬೇಯುವುದಿಲ್ಲ ಎಂದು ಬಹಳ ಹಿಂದೆಯೇ ಬೇರೆಯಾದೆವು. ಗೋಡೆ ಮಾತ್ರ ಒಂದೇ. ಅಂಬಿ ನನ್ನ ಹಾಗಲ್ಲ. ಅತ್ತೆ ಹಗಲನ್ನು ರಾತ್ರಿ ಎಂದರೆ ಎದ್ದುಹೋಗಿ ದೀಪ ಹಚ್ಚುವವಳು. ಅವಳ ಈ ಮೆತ್ತಗಿನ ಗುಣ ಕಂಡರೆ ನನಗೆ ಮೈ ಉರಿಯುತ್ತಿತ್ತು. ಅವಳನ್ನು ಕಂಡರೆ ಪ್ರೀತಿಯೂ ಇತ್ತು.

ದೀಪಾವಳಿ ಕಳೆದ ಮೇಲೆ ಅತ್ತೆಯ ಮನೆಯ ಹೊಸ್ತಿಲ ಬಲಗಡೆ ನಿತ್ಯಪುಷ್ಪ ಎದ್ದಿತು. ಹೊರಗಿನವರಿಗೆ ಅದು ಬೇಲಿ ಬದಿಯ ಹೂವಿನ ಗಿಡ, ವರ್ಷವಿಡೀ ಹೂ ಬಿಡುವಂಥದ್ದು. ನಮ್ಮೂರಿನಲ್ಲಿ ಅದರ ಹೆಸರೇ ಸಕ್ಕರೆ ಗಿಡ. ಸಕ್ಕರೆ ಕಾಯಿಲೆ ಇರುವವರ ಬಾಗಿಲಲ್ಲಿ ಬರುತ್ತದೆ, ಬೆಳಿಗ್ಗೆ ಹಲ್ಲುಜ್ಜಿ ನಾಲ್ಕೆಲೆ ಅಗಿಯುತ್ತಾರೆ, ಮುಖ ಹಿಂಡುತ್ತಾರೆ. ಅತ್ತೆಗೆ ಎಪ್ಪತ್ತು ದಾಟಿದೆ. ಮನೆಯಲ್ಲಿ ಹಿರಿಯಳು ತಾನು, ಸಿಹಿ ತಿನ್ನುವವಳೂ ತಾನು, ಇನ್ನಾರದ್ದು ಎಂದು ಯೋಚಿಸದೆ ಕುಡಿ ಚಿವುಟಿ ಬಾಯಿಗೆ ಹಾಕಿಕೊಂಡರು. ಬೀದಿಯಲ್ಲಿ ಹೋಗುತ್ತಿದ್ದ ಗಿರಣಿ ಮನೆಯ ಸಾಕಮ್ಮ ನೋಡಿ, ಹೋಳಿಗೆ ತಿಂದ ಬಾಯಿಗೆ ಬುದ್ಧಿ ಬಂತು ಎಂದು ನಕ್ಕಳು. ಅತ್ತೆಯೂ ನಕ್ಕರು. ಅಂಬಿ ಒಳಗೆ ಪಾತ್ರೆ ತಿಕ್ಕುತ್ತಿದ್ದಳು, ಹೊರಗೆ ಬರಲಿಲ್ಲ.

ಸಂಕ್ರಾಂತಿಗೆ ಮೊದಲು ಅಂಬಿ ರವಿಕೆ ಬಟ್ಟೆ ತಂದಳು. ಅಳತೆ ಬೇಡ ಅಕ್ಕ, ಹಳೆಯದರ ಹಾಗೇ ಹೊಲಿ, ಎಡಗಡೆ ಕಂಕುಳ ಹತ್ತಿರ ಮಾತ್ರ ಸಡಿಲ ಬಿಡು ಎಂದಳು. ಒಂದೇ ಕಡೆ ಸಡಿಲ ಬಿಡುವುದಕ್ಕೆ ಇದೇನು ಗೋಣಿಚೀಲವೇ ಎಂದು ಬೈದು, ಟೇಪು ಹಿಡಿದುಕೊಂಡು ಅವಳ ಕೈ ಎತ್ತಿಸಿದೆ. ಎಡಗೈ ಅರ್ಧಕ್ಕೆ ನಿಂತಿತು. ಟೇಪಿನ ಅಂಚು ಎದೆಗೆ ತಾಗಿದ್ದೇ ತಡ, ಅವಳು ಉಸಿರು ಒಳಗೆಳೆದುಕೊಂಡು ಹಿಂದೆ ಸರಿದಳು. ಏನಾಯಿತು ಎಂದರೆ, ನೀರಿನ ಕೊಡ ತಗುಲಿತ್ತು ಎಂದಳು. ಯಾವಾಗ ಎಂದರೆ, ಆಗಲೇ ಎಂದಳು. ಆಗಲೇ ಎಂದರೆ ಯಾವ ಕಾಲ ಎಂದು ಕೇಳುವಷ್ಟರಲ್ಲಿ ಬಟ್ಟೆ ಅಲ್ಲೇ ಬಿಟ್ಟು ಹೋಗಿಬಿಟ್ಟಿದ್ದಳು. ನಾನು ಟೇಪು ಹಿಡಿದುಕೊಂಡು ನಿಂತೇ ಇದ್ದೆ. ಗೋಡೆಯಾಚೆ ಅವಳು ಒಲೆ ಊದುವ ಸದ್ದು ಕೇಳಿಸಿತು.

ಅದೇ ವಾರ ಅತ್ತೆ ಜಗಲಿಯಿಂದ ಇಳಿಯುವಾಗ ಬಿದ್ದರು. ಎರಡು ತಿಂಗಳಿನಿಂದ ಅಂಗಾಲು ಜುಮುಗುಟ್ಟುತ್ತದೆ, ಕಣ್ಣು ಕತ್ತಲೆ ಬರುತ್ತದೆ ಎನ್ನುತ್ತಿದ್ದರು. ಸಕ್ಕರೆ ಏರಿದೆ ಎಂದುಕೊಂಡು ನಾಲ್ಕೆಲೆಯ ಬದಲು ಹಿಡಿ ಎಲೆ ತಿನ್ನುತ್ತಿದ್ದರು. ನನ್ನ ಗಂಡ ಅವರನ್ನು ಲಾಂಚಿನಲ್ಲಿ ಮಲಗಿಸಿಕೊಂಡು ಹೊಳೆಯಾಚೆಯ ದೊಡ್ಡಾಸ್ಪತ್ರೆಗೆ ಹೋದರು. ಬಾಗಿಲಲ್ಲಿ ಮದ್ದಿರುವಾಗ ಹೊಳೆ ದಾಟುವುದು ನಮ್ಮೂರಿನವರಿಗೆ ಮರ್ಯಾದೆಯ ಮಾತಲ್ಲ. ಆದರೆ ತಲೆಗೆ ಪೆಟ್ಟಾಗಿ ರಕ್ತ ಬಂದಿತ್ತು, ಅದಕ್ಕೆ ಗಿಡ ಕಾಯುವಂತಿರಲಿಲ್ಲ. ಅಲ್ಲಿ ಹೊಲಿಗೆ ಹಾಕಿದರು, ಹಾಗೆಯೇ ರಕ್ತವನ್ನೂ ಪರೀಕ್ಷೆ ಮಾಡಿದರು. ಸಂಜೆ ವಾಪಸು ಬಂದ ಅತ್ತೆ ತಮ್ಮ ಮನೆಗೆ ಹೋಗದೆ ನೇರ ನನ್ನ ಕೋಣೆಗೆ ಬಂದು ಸ್ಟೂಲಿನ ಮೇಲೆ ಕೂತರು. ತಲೆಗೆ ಬಿಳಿ ಪಟ್ಟಿ ಕಟ್ಟಿದ್ದರು.

"ವನಜ, ನಂಗೆ ಸಕ್ಕರೆ ಇಲ್ವಂತೆ. ಒಂಚೂರೂ ಇಲ್ವಂತೆ. ತಿಂದ ಎಲೇನೇ ಮೈಗೆ ಆಗಿಬರದೆ ಹಿಂಗಾಗೈತೆ ಅಂದ್ರು."

ನಾನು ಮೆಷಿನ್ನಿನಿಂದ ಕಾಲು ತೆಗೆದೆ.

"ನಂದಲ್ಲ ಅಂದ್ಮೇಲೆ ಆ ಗಿಡ ಯಾರದ್ದು? ರುದ್ರೇಶಿಗೆ ಕಲ್ಲು ತಿಂದ್ರೂ ಕರಗ್ತದೆ. ನೀನು ಊರ ಹೆಂಗಸರ ಮೈ ಅಳತೆ ತಗಳೋಳು. ನಿಂಗೇನಾದ್ರೂ ಗೊತ್ತಾ?"

ನಾನು ಟೇಪಿನ ವಿಷಯ ಹೇಳಿದೆ. ಅತ್ತೆ ಎದ್ದು ತಮ್ಮ ಮನೆಯ ಕಡೆ ನಡೆದರು. ನಾನೂ ಹಿಂದೆಯೇ ಹೋದೆ. ಹೊಸ್ತಿಲಲ್ಲಿ ಬಗ್ಗಿ ನಿತ್ಯಪುಷ್ಪದ ಒಂದು ಕುಡಿ ಚಿವುಟಿಕೊಂಡು ಅಡುಗೆಮನೆಗೆ ಹೋದರು. ಅಂಬಿ ರೊಟ್ಟಿ ತಟ್ಟುತ್ತಿದ್ದಳು. ಅತ್ತೆ ಕುಡಿಯನ್ನು ಅವಳ ಮುಂದೆ ಹಿಡಿದರು.

"ತಗಾ ಅಂಬಿ. ಇದು ನಿಂದು."

ಅಂಬಿ ಹಂಚಿನ ಮೇಲಿನ ರೊಟ್ಟಿ ನೋಡಿದಳು, ನನ್ನನ್ನು ನೋಡಿದಳು, ಕುಡಿಯನ್ನು ಮಾತ್ರ ನೋಡಲಿಲ್ಲ. ಅತ್ತೆಯ ಕೈ ಹಾಗೇ ಇತ್ತು. ರೊಟ್ಟಿ ಸೀದು ಹೊಗೆ ಎದ್ದಿತು, ಯಾರೂ ತೆಗೆಯಲಿಲ್ಲ. ಬಹಳ ಹೊತ್ತಿನ ಮೇಲೆ ಅಂಬಿ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಕುಡಿಯನ್ನು ತೆಗೆದುಕೊಂಡಳು. ಆಮೇಲೆ ಅಲ್ಲೇ ನೆಲದ ಮೇಲೆ ಕೂತು ಅತ್ತಳು. ಗೌರಿಹಬ್ಬದ ಹೊತ್ತಿಗೆ ಕಡಲೆಕಾಳಿನಷ್ಟಿತ್ತು, ಈಗ ನಿಂಬೆಕಾಯಿಯಷ್ಟಾಗಿದೆ ಎಂದಳು. ಯಾರಿಗೆ ಹೇಳುವುದು, ಎಲ್ಲಿ ಎಂದು ಹೇಳುವುದು, ಅತ್ತೆ ಕುಡಿ ಚಿವುಟಿ ತಮ್ಮದು ಎಂದ ಮೇಲೆ ಅಲ್ಲ ನನ್ನದು ಎನ್ನುವುದು ಹೇಗೆ ಎಂದಳು. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಅವಳ ತಾಯಿ ಕಲಿಸಿದ್ದರಂತೆ. ನನಗೆ ಆ ತಾಯಿಯ ಮೇಲೆ, ಅಂಬಿಯ ಮೇಲೆ, ಇಡೀ ಊರಿನ ಮೇಲೆ ಕೆಟ್ಟ ಸಿಟ್ಟು ಬಂತು. ಅಷ್ಟೇ ಅಳುವೂ ಬಂತು.

ಅಂಬಿ ಕೈಯಲ್ಲಿದ್ದ ಕುಡಿಯನ್ನು ಬಾಯಿಗೆ ಹಾಕಿಕೊಳ್ಳಲು ಹೋದಳು. ಕಟ್ಟಳೆ ಅದೇ ತಾನೇ, ಗಿಡ ಅವಳದ್ದಾದರೆ ತಿನ್ನಬೇಕಾದವಳೂ ಅವಳೇ. ಅತ್ತೆ ಅವಳ ಕೈ ಹಿಡಿದುಕೊಂಡರು. ಎಲೆ ತಿಂದು ನನ್ನ ಕಾಲು ಏನಾಗಿದೆ ನೋಡು, ಮೊದಲು ಆಚೆ ದಡದವರನ್ನು ಕೇಳೋಣ ಎಂದರು. ಹೊಳೆ ದಾಟುವುದನ್ನು ಜೀವಮಾನವಿಡೀ ಹಂಗಿಸಿದ ಹೆಂಗಸು ಅವರು.

ದೊಡ್ಡಾಸ್ಪತ್ರೆಯಲ್ಲಿ ನಮ್ಮನ್ನು ನೋಡಿದವರು ಜುಬೇದಾ ಡಾಕ್ಟರ್. ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡು ಅದನ್ನೇ ಮೇಜಿನ ಮೇಲೆ ಹುಡುಕುವವರು. ನಮ್ಮೂರಿನ ಗಿಡಗಳ ವಿಷಯ ಕೇಳಿದ್ದರು. ನಗಲಿಲ್ಲ, ಅದಕ್ಕೇ ನನಗೆ ಹಿಡಿಸಿದರು. ಅಂಬಿಯನ್ನು ಪರದೆಯ ಹಿಂದೆ ಪರೀಕ್ಷೆ ಮಾಡಿದರು, ಸೂಜಿಯಿಂದ ಗಂಟಿನ ಚೂರು ತೆಗೆದು ಕಳಿಸಿದರು. ಉತ್ತರ ಬಂದ ದಿನ ಅಂಬಿಯ ಕೈ ಹಿಡಿದುಕೊಂಡೇ ಹೇಳಿದರು. ಎದೆಯ ಕ್ಯಾನ್ಸರ್. ಕಂಕುಳಿಗೂ ಹಬ್ಬಿದೆ. ಕಡಲೆಕಾಳಿನಷ್ಟಿದ್ದಾಗ ಬಂದಿದ್ದರೆ ದಾರಿ ಚಿಕ್ಕದಿತ್ತು, ಈಗ ದೂರವಾಗಿದೆ, ಆದರೆ ದಾರಿಯೇ ಇಲ್ಲವೆಂದಲ್ಲ. ಮೊದಲು ಡ್ರಿಪ್ಪಿನಲ್ಲಿ ಔಷಧಿ ಕೊಟ್ಟು ಗಂಟು ಕುಗ್ಗಿಸಬೇಕು, ಆಮೇಲೆ ಆಪರೇಷನ್.

ಅತ್ತೆ ಸೆರಗಿನ ಗಂಟಿನಿಂದ ಬಾಡಿದ ನಿತ್ಯಪುಷ್ಪದ ಕುಡಿ ತೆಗೆದು ಮೇಜಿನ ಮೇಲಿಟ್ಟರು. ಇದು ಅವಳ ಮದ್ದು, ನನ್ನದೆಂದುಕೊಂಡು ನಾನು ತಿಂದುಬಿಟ್ಟೆ, ಇಷ್ಟು ದಿನ ಅವಳೇ ತಿಂದಿದ್ದರೆ ಇಲ್ಲಿಗೆ ಬರಬೇಕಿತ್ತಾ ಎಂದು ಕೇಳಿದರು. ಡಾಕ್ಟರು ಆ ಕುಡಿಯನ್ನು ಕೈಗೆತ್ತಿಕೊಂಡರು.

"ಅಜ್ಜಿ, ನಿಮ್ಮ ಗಿಡ ಸುಳ್ಳು ಹೇಳಿಲ್ಲ. ಇದರೊಳಗಿನ ಸತ್ವದಿಂದ ಈ ಕಾಯಿಲೆಗೆ ಔಷಧಿ ಮಾಡ್ತಾರೆ, ನಮ್ಮ ಕಪಾಟಿನಲ್ಲೂ ಇದೆ. ಆದ್ರೆ ಗಾಡಿಗಟ್ಟಲೆ ಎಲೆ ಸೋಸಿದ್ರೆ ಸಿಗೋದು ಒಂದು ಚಿಟಿಕೆ. ಅದನ್ನ ಅಳತೆ ಮಾಡಿ ನರಕ್ಕೆ ಬಿಡ್ಬೇಕು. ಹಾಗೇ ತಿಂದ್ರೆ ಗಂಟಿಗಿಂತ ಮೊದ್ಲು ಮನುಷ್ಯರನ್ನ ತಿನ್ನತ್ತೆ. ನೀವು ಅವರ ಮದ್ದು ತಿಂದಿಲ್ಲ. ಹೋಗಿದ್ದು ಎಲೆ ಅಲ್ಲ, ದಿನಗಳು. ಆ ದಿನಗಳಲ್ಲಿ ಯಾರೂ ಬಾಯಿ ಬಿಡ್ಲಿಲ್ಲ, ಅಷ್ಟೇ."

ಅರಿಸಿನದಿಂದ ಹಿಡಿದು ಎಷ್ಟೋ ಸೊಪ್ಪು ಬೇರುಗಳನ್ನು ಗಾಜಿನ ತಟ್ಟೆಯಲ್ಲಿ ಈ ಕಾಯಿಲೆಯ ಕಣಗಳ ಮೇಲೆ ಹಾಕಿ ನೋಡುತ್ತಾರಂತೆ. ತಟ್ಟೆಯಲ್ಲಿ ಗೆಲ್ಲುವವು ನೂರಾರು, ಮನುಷ್ಯರ ಮೈಯೊಳಗೆ ಗೆಲ್ಲುವವು ಬೆರಳೆಣಿಕೆಯಷ್ಟು. ಇನ್ನೂ ಹುಡುಕುತ್ತಲೇ ಇದ್ದಾರೆ ಎಂದರು. ಅತ್ತೆಗೆ ತಟ್ಟೆಯ ಮಾತು ತಲೆಗೆ ಹೋಗಲಿಲ್ಲ. ದಿನಗಳ ಮಾತು ಹೋಯಿತು. ಲಾಂಚಿನಲ್ಲಿ ವಾಪಸು ಬರುವಾಗ ನೀರು ನೋಡುತ್ತಾ, ದಿನ ತಿಂದುಬಿಟ್ಟೆ ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು.

ಮೊದಲು ಹಾಕಿದ ಔಷಧಿಯೂ ಗಿಡದ್ದೇ, ಎಲ್ಲೋ ತಣ್ಣನೆಯ ಬೆಟ್ಟದ ಒಂದು ಮರದ್ದಂತೆ. ಅಂಬಿಯ ಕೂದಲು ಹಿಡಿಹಿಡಿಯಾಗಿ ಉದುರಿತು, ನಾಲಿಗೆಗೆ ಉಪ್ಪು ಖಾರ ತಿಳಿಯದಾಯಿತು, ಗಂಟು ಮಾತ್ರ ಹಟ ಹಿಡಿದು ಕೂತಿತ್ತು. ಆಗ ಜುಬೇದಾ ಡಾಕ್ಟರು ಔಷಧಿ ಬದಲಾಯಿಸಿದರು. ಹೊಸ ಬಾಟಲಿ ತೂಗುಹಾಕಿದ ದಿನ, ಇದು ನಿಮ್ಮ ಹೊಸ್ತಿಲಿನದ್ದು ಎಂದರು. ನೋಡಿದರೆ ನೀರಿನ ಹಾಗಿತ್ತು. ಅಂಬಿ ಅದು ಹನಿಹನಿಯಾಗಿ ಇಳಿಯುವುದನ್ನೇ ನೋಡುತ್ತಾ ಮಲಗಿದ್ದಳು. ಕಹಿ ಗೊತ್ತಾಗ್ತಿಲ್ಲ ಅಕ್ಕ ಎಂದಳು. ನನಗೆ ನಗು ಬಂತು, ಅವಳಿಗೂ ಬಂತು. ರುದ್ರೇಶಿ ನಮ್ಮಿಬ್ಬರಿಗೂ ಬುದ್ಧಿ ಕೆಟ್ಟಿದೆ ಎನ್ನುವಂತೆ ನೋಡಿದ. ಹಂಚಿನ ಕಾರ್ಖಾನೆಯಿಂದ ರಜೆ ಹಾಕಿ ಬಂದು ಹೆಂಡತಿಯ ಕಾಲ ಬಳಿ ಕೂರುತ್ತಿದ್ದ. ಮಾತು ಕಡಿಮೆಯವನು, ಕಾಲು ಒತ್ತುತ್ತಿದ್ದ.

ಅಂಬಿ ಆಸ್ಪತ್ರೆಯಲ್ಲಿದ್ದಾಗ ಅತ್ತೆಗೆ ಒಂದು ಸಂಕಟ ಶುರುವಾಯಿತು. ಹೊಸ್ತಿಲಿನ ನಿತ್ಯಪುಷ್ಪಕ್ಕೆ ನೀರು ಹಾಕಬೇಕೋ ಬೇಡವೋ? ಅದು ಕಾಯಿಲೆಯ ಗಿಡವಾದರೆ ನೀರೆರೆದು ಕಾಯಿಲೆ ಬೆಳೆಸಿದ ಹಾಗೆ, ಮದ್ದಿನ ಗಿಡವಾದರೆ ಒಣಗಿಸಿ ಮದ್ದು ಕೊಂದ ಹಾಗೆ. ದಿನಾ ಬೆಳಿಗ್ಗೆ ತಂಬಿಗೆ ಹಿಡಿದು ಹೊಸ್ತಿಲಲ್ಲಿ ನಿಂತು ನನ್ನನ್ನು ಕೂಗುತ್ತಿದ್ದರು. "ಹಾಕ್ಲಾ ವನಜ?" ಮೊದಮೊದಲು ರೇಗಿದೆ. ಆಮೇಲೆ ನನಗೂ ಗೊತ್ತಿಲ್ಲ ಅತ್ತೆ ಎಂದೆ. ಜೀವಮಾನದಲ್ಲಿ ನಾನು ಅವರಿಗೆ ಸೋತು ಹೇಳಿದ ಮೊದಲ ಮಾತು ಅದು. ಕೊನೆಗೆ ಅವರೇ ಒಂದು ದಾರಿ ಮಾಡಿಕೊಂಡರು. ತಂಬಿಗೆಯ ನೀರಿನಲ್ಲಿ ಮುಖ ತೊಳೆದು, ತೊಳೆದ ನೀರು ಹೋದರೆ ಹೋಗಲಿ ಎಂದು ಅಲ್ಲೇ ಚೆಲ್ಲುತ್ತಿದ್ದರು. ಹಾಕಿದ ಹಾಗೂ ಅಲ್ಲ, ಹಾಕದ ಹಾಗೂ ಅಲ್ಲ.

ಹೊಸ್ತಿಲಿನ ಔಷಧಿಗೆ ಗಂಟು ಕುಗ್ಗಿತು. ಬೇಸಿಗೆಯಲ್ಲಿ ಆಪರೇಷನ್ ಆಯಿತು. ಎಡಗಡೆಯದನ್ನು ಪೂರ್ತಿ ತೆಗೆದರು. ಅಂಬಿ ಮನೆಗೆ ಬಂದ ದಿನ ಅವಳ ಹಳೆಯ ರವಿಕೆಗಳನ್ನೆಲ್ಲ ನನ್ನ ಕೋಣೆಗೆ ತಂದು ಗುಡ್ಡೆ ಹಾಕಿಕೊಂಡೆ. ಎಡಗಡೆ ಒಳಗೆ ಹತ್ತಿ ತುಂಬಿದ ಮೆತ್ತೆ ಇಟ್ಟು ಹೊಲಿದೆ. ಮೊದಲನೆಯದು ತಪ್ಪಿತು, ಎರಡನೆಯದೂ ಕೂರಲಿಲ್ಲ. ಮೂರನೆಯದನ್ನು ತೊಟ್ಟು ಕನ್ನಡಿಯ ಮುಂದೆ ನಿಂತಳು. ನಾನು ಹುಕ್ಸು ಹಾಕುತ್ತಿದ್ದೆ. ಕನ್ನಡಿಯಲ್ಲಿ ತನ್ನನ್ನು ನೋಡಿ ಅಂಬಿ ಸೆರಗು ಮುಚ್ಚಿಕೊಳ್ಳಲಿಲ್ಲ. ಅಷ್ಟು ಸಾಕು ಅನಿಸಿತು ನನಗೆ. ಆ ವಾರದಲ್ಲೇ ಹೊಸ್ತಿಲಿನ ಗಿಡದ ಎಲೆ ಹಳದಿಯಾಗತೊಡಗಿತು. ಗಿಡ ಒಣಗಿದರೆ ಕಾಯಿಲೆ ಹೋಯಿತೆಂದು ಊರು ಹೇಳುತ್ತದೆ. ಜುಬೇದಾ ಡಾಕ್ಟರು ಹಾಗೆ ಹೇಳಲಿಲ್ಲ, ಸದ್ಯಕ್ಕೆ ಚೆನ್ನಾಗಿದೆ, ಮೂರು ತಿಂಗಳಿಗೊಮ್ಮೆ ಬರುತ್ತಿರಿ, ವರ್ಷಗಳು ಹೇಳಬೇಕು ಎಂದರು. ಅತ್ತೆ ಇಬ್ಬರ ಮಾತನ್ನೂ ನಂಬಿದರು. ಗಿಡದಲ್ಲಿ ಸಣ್ಣ ಸಣ್ಣ ಬೀಜದ ಕೋಡುಗಳಿದ್ದವು. ಅವು ಒಡೆಯುವ ಮೊದಲೇ ಬಿಡಿಸಿ, ಸಾಸಿವೆಗಿಂತ ಸಣ್ಣ ಕರಿ ಬೀಜಗಳನ್ನು ಬಟ್ಟೆಯ ಚೂರಿನಲ್ಲಿ ಕಟ್ಟಿಟ್ಟರು. ಯಾಕೆ ಎಂದರೆ, ಇರಲಿ ಎಂದರು.

ಅಷ್ಟು ಹೊತ್ತಿಗೆ ಗಿರಣಿ ಮನೆಯ ಹೊಸ್ತಿಲಲ್ಲೂ ನಿತ್ಯಪುಷ್ಪ ಎದ್ದಿತ್ತು. ಸಾಕಮ್ಮನ ಗಂಡ ಕುಡಿ ಚಿವುಟಿ ತಿಂದು, ನನಗೂ ಸಕ್ಕರೆ ಬಂತು ಎಂದು ಬೀದಿಗೆಲ್ಲ ಹೇಳಿಕೊಂಡ. ಸಾಕಮ್ಮ ಗಿಡದ ಮೇಲೆ ಒಂದು ಒಡಕು ಮಡಕೆ ಕವುಚಿ ಹಾಕಿದಳು. ಬೀದಿಯಲ್ಲಿ ಜೋರಾಗಿ ನಗುವ ಹೆಂಗಸು, ನಗುವುದು ಬಿಟ್ಟಳು. ಯುಗಾದಿಗೂ ರವಿಕೆ ಹೊಲಿಸಲಿಲ್ಲ. ಅತ್ತೆ ಅವಳ ಮನೆಗೆ ಹೋಗಿ, ಒಂದು ಸಲ ಹೊಳೆಯಾಚೆ ತೋರಿಸಿಕೊಂಡು ಬಾ, ನಾನೂ ಬರುತ್ತೇನೆ ಎಂದರು. ಸಾಕಮ್ಮ ಬಾಗಿಲು ಹಾಕಿಕೊಂಡಳು. ಒಳಗಿನಿಂದಲೇ, ನಿಮ್ಮ ಸೊಸೆಗೆ ಬಂದದ್ದು ನನಗೂ ಬರಲಿ ಅಂತಲಾ ಎಂದು ಕೇಳಿದಳಂತೆ. ಲಾಂಚ್ ಹತ್ತಿದರೆ ಇಡೀ ಊರು ನೋಡುತ್ತದೆ, ಯಾಕೆ ಹತ್ತಿದಳು ಎನ್ನುತ್ತದೆ, ಎಲ್ಲಿ ಬಂದಿದೆ ಎಂದು ಎದೆ ನೋಡುತ್ತದೆ. ಅಂಬಿಯನ್ನೂ ಹಾಗೇ ನೋಡುತ್ತಿದ್ದರು. ಅಂಬಿ ಅದನ್ನು ತಡೆದುಕೊಂಡಳು. ಎಲ್ಲರೂ ತಡೆದುಕೊಳ್ಳುತ್ತಾರೆಯೇ? ಅತ್ತೆ ಅವತ್ತು ಊಟ ಮಾಡಲಿಲ್ಲ. ಇನ್ನೊಬ್ಬಳ ದಿನಗಳನ್ನು ಮಡಕೆ ತಿನ್ನುತ್ತಿದೆ ಎಂದರು.

ಮುಂಗಾರು ಹನಿ ಬೀಳುವ ಮೊದಲು ನಮ್ಮತ್ತೆಗೆ ಅರಳುಮರಳು ಎಂಬ ಸುದ್ದಿ ಹಬ್ಬಿತು. ಮಧ್ಯಾಹ್ನದ ಹೊತ್ತು ಬೀದಿಯ ಒಂದೊಂದೇ ಮನೆಯ ಬಾಗಿಲಲ್ಲಿ ನಿಂತು ಹಾಲಿಗೆ ಹೆಪ್ಪು ಕೇಳುತ್ತಿದ್ದರು. ಮನೆಯಲ್ಲಿ ಗಡಿಗೆ ತುಂಬ ಮೊಸರಿದೆ. ಆದರೂ ಎದುರು ಮನೆ, ಪಕ್ಕದ ಮನೆ, ಹಿಂದಿನ ಬೀದಿ, ವಠಾರ ಒಂದನ್ನೂ ಬಿಡಲಿಲ್ಲ. ಮನೆಯವರು ಹೆಪ್ಪು ತರಲು ಒಳಗೆ ಹೋದಾಗ ಇವರು ಹೊಸ್ತಿಲಲ್ಲಿ ಸೊಂಟ ಹಿಡಿದು ಬಗ್ಗುತ್ತಿದ್ದರು, ಪಾಪ ವಯಸ್ಸಾಯಿತು ಎಂದು ಅವರೂ ಅಂದುಕೊಂಡರು. ಸಂಜೆ ನೋಡಿದರೆ ಅತ್ತೆಯ ಅಡುಗೆಮನೆಯಲ್ಲಿ ಸಾಲಾಗಿ ಹೆಪ್ಪಿನ ಲೋಟಗಳು. ಇಷ್ಟು ಹೆಪ್ಪಿಗೆ ಹೊಳೆಯನ್ನೇ ಮೊಸರು ಮಾಡಬಹುದು ಎಂದೆ. ಅತ್ತೆ ಸೆರಗಿನ ಗಂಟು ಬಿಚ್ಚಿ ಬೀಜ ಕಟ್ಟಿಟ್ಟಿದ್ದ ಬಟ್ಟೆಯ ಚೂರು ತೋರಿಸಿದರು, ಖಾಲಿಯಾಗಿತ್ತು. ಊರಿನಲ್ಲಿ ಇದಕ್ಕಿಂತ ದೊಡ್ಡ ತಪ್ಪಿಲ್ಲ.

"ನಿನ್ನ ಹೊಸ್ತಿಲಿಗೂ ಹಾಕಿದೀನಿ" ಎಂದರು. "ಒಂದು ಮನೆ ಮಾತ್ರ ಬಿಟ್ಟೆ, ಗಿರಣಿ ಮನೆ. ಅಲ್ಲಿ ಆಗ್ಲೇ ಐತಲ್ಲ."

ಮಳೆ ಬಿತ್ತು. ಹದಿನೈದು ದಿನದಲ್ಲಿ ಬೀದಿಯ ಅಷ್ಟೂ ಬಾಗಿಲಲ್ಲಿ ನಿತ್ಯಪುಷ್ಪದ ಎರಡೆಲೆ. ಮೊದಲ ದಿನ ಎಲ್ಲರೂ ಬಾಗಿಲು ಹಾಕಿಕೊಂಡರು. ಎರಡನೆಯ ದಿನ ಒಬ್ಬರ ಬಾಗಿಲನ್ನೊಬ್ಬರು ಇಣುಕಿ ನೋಡಿದರು. ಮೂರನೆಯ ದಿನ ಹೆಪ್ಪಿನ ನೆನಪಾಯಿತು. ಮದ್ದು ಹಾಕಿದ್ದಾಳೆ ಮುದುಕಿ ಎಂದು ಯಾರೋ ಅಂದರು, ಊರ ಬಾಯಿಗೆ ಮುಚ್ಚಳ ಎಲ್ಲಿದೆ, ಸಂಜೆಯೊಳಗೆ ಅತ್ತೆಯ ಮನೆಯ ಮುಂದೆ ಗಂಡಸರು ಹೆಂಗಸರು ಎಲ್ಲ ಸೇರಿದರು. ಸಾಕಮ್ಮ ಹಿಂದೆ ಎಲ್ಲೋ ನಿಂತಿದ್ದಳು. ಅತ್ತೆ ಹೊಸ್ತಿಲ ಮೇಲೆ ಕೂತಿದ್ದರು. ಪಕ್ಕದಲ್ಲಿ ಅಂಬಿ, ತಲೆಯ ಮೇಲೆ ಆಗಷ್ಟೇ ಚಿಗುರುತ್ತಿದ್ದ ಗಿಡ್ಡ ಕೂದಲು, ಸೆರಗು ಹೊದೆಯದೆ ಹಾಗೇ ಕೂತಿದ್ದಳು. ರುದ್ರೇಶಿ ಬಾಗಿಲಿಗೆ ಅಡ್ಡ ನಿಂತಿದ್ದ. ನಾನು ಹೋಗಿ ಅತ್ತೆಯ ಇನ್ನೊಂದು ಪಕ್ಕ ಕೂತೆ. ವಠಾರದ ಹಿರಿಯರೊಬ್ಬರು, ಹಾಲಮ್ಮ, ನೀನು ಮದ್ದು ಹಾಕಿದೀಯಾ ಎಂದು ಕೇಳಿಯೇಬಿಟ್ಟರು.

"ಹೂಂ, ಮದ್ದೇ ಹಾಕಿದೀನಿ" ಎಂದರು ಅತ್ತೆ. "ನನ್ನ ಸೊಸೆಗೆ ಮೊಲೆಯಲ್ಲಿ ಗಂಟಾಗಿತ್ತು. ಮೊಲೆ ಅನ್ನೋಕೆ ನಾಚಿಕೆಪಟ್ಟು ನನ್ನ ಮಗಳಂಥೋಳು ಗೌರಿಹಬ್ಬದಿಂದ ಸಂಕ್ರಾಂತಿ ತನಕ ಬಾಯಿ ಮುಚ್ಕೊಂಡು ನೋವು ತಿಂದ್ಲು. ನಾನು ಅವಳ ಗಿಡ ತಿಂದೆ. ಈಗ ನಿಮ್ಮೆಲ್ಲರ ಬಾಗಿಲಲ್ಲೂ ಗಿಡ ಐತೆ. ಯಾವುದು ತಾನಾಗಿ ಬಂದದ್ದು, ಯಾವುದು ನಾನು ಹಾಕಿದ್ದು, ನಂಗೂ ಗೊತ್ತಿಲ್ಲ. ತಿನ್ನಬೇಡಿ. ಹೊಳೆ ದಾಟಿ ತೋರಿಸ್ಕೊಂಡು ಬನ್ನಿ. ಎಲ್ಲರೂ ಹೋದ್ರೆ ಯಾರನ್ನ ಅಂತ ನೋಡ್ತೀರಾ?"

ಬೈಯಲು ಬಂದವರಿಗೆ ಮೊಲೆ ಎಂಬ ಆ ಒಂದು ಮಾತು ಬೀದಿಯಲ್ಲಿ ಗಟ್ಟಿಯಾಗಿ ಕೇಳಿಸಿದ್ದೇ ದೊಡ್ಡ ಪೆಟ್ಟಾಗಿತ್ತು. ಕೆಲವರು ಉಗುಳಿ ಹೋದರು. ಆ ತಿಂಗಳು ನಮಗೆ ಯಾರೂ ನೀರು ಬೆಂಕಿ ಕೊಡಲಿಲ್ಲ, ನನ್ನ ಮೆಷಿನ್ನಿಗೆ ಒಂದು ರವಿಕೆಯೂ ಬರಲಿಲ್ಲ. ಆದರೆ ಹೊಸ್ತಿಲಲ್ಲಿ ಗಿಡ ಇಟ್ಟುಕೊಂಡು ಒಳಗೆ ನಿದ್ದೆ ಮಾಡುವುದು ಯಾರಿಗೆ ಸಾಧ್ಯ? ಕಿತ್ತು ಬಿಸಾಡಿದರು, ಕೆಲವು ಮತ್ತೆ ಬಂದವು, ಕೆಲವು ಬರಲಿಲ್ಲ. ಬಂದದ್ದು ಕಾಯಿಲೆಯದೋ, ನೆಲದಲ್ಲಿ ಉಳಿದಿದ್ದ ಬೀಜದ್ದೋ ಎಂದು ಹೇಳುವವರಿಲ್ಲ. ಮೊದಲು ವಠಾರದ ಇಬ್ಬರು ಸೊಸೆಯರು ಬಂದು, ಲಾಂಚ್ ಎಷ್ಟು ಹೊತ್ತಿಗೆ ಎಂದು ನನ್ನ ಗಂಡನನ್ನು ಕೇಳಿದರು. ಆಮೇಲೆ ಎದುರು ಮನೆಯವರು ಕೇಳಿದರು. ಜುಬೇದಾ ಡಾಕ್ಟರಿಗೆ ಹೇಳಿ ಕಳಿಸಿದೆವು, ಸೋಮವಾರ ಬನ್ನಿ, ಎಷ್ಟು ಜನ ಬಂದರೂ ನೋಡುತ್ತೇನೆ ಎಂದರು.

ಸೋಮವಾರ ಬೆಳಿಗ್ಗೆ ಲಾಂಚಿನ ತುಂಬ ಹೆಂಗಸರು. ಕೆಲವರ ಗಂಡಂದಿರೂ ಬಂದು ದಡದಲ್ಲಿ ನಿಂತಿದ್ದರು. ಹಿಟ್ಟಿನ ಮೂಟೆಗಿಂತ ಭಾರ ಎಂದು ನನ್ನ ಗಂಡ ಗೊಣಗಿದರು, ಗೊಣಗುತ್ತಲೇ ಒಬ್ಬೊಬ್ಬರಿಗೂ ಕೈಕೊಟ್ಟು ಹತ್ತಿಸಿಕೊಂಡರು. ನಾನೂ ಹೋಗುವವಳೇ, ನನ್ನ ಹೊಸ್ತಿಲಲ್ಲೂ ಎರಡೆಲೆ ಇತ್ತಲ್ಲ. ಯಾರ ಮುಖ ನೋಡಿದರೂ ಯಾರಿಗೆ ಏನಿದೆ ಎಂದು ತಿಳಿಯುತ್ತಿರಲಿಲ್ಲ. ಎಲ್ಲರೂ ಹೆದರಿದ್ದರು, ಹಾಗಾಗಿ ಮಾತೂ ಹೆಚ್ಚಾಗಿತ್ತು. ಅತ್ತೆ ಮುಂದಿನ ಹಲಗೆಯ ಮೇಲೆ ಅಂಬಿಯ ಪಕ್ಕ ಕೂತಿದ್ದರು.

ಹಗ್ಗ ಬಿಚ್ಚುವ ಹೊತ್ತಿಗೆ ಸಾಕಮ್ಮ ಬಂದಳು. ಸೆರಗನ್ನು ಎದೆಗೆ ಬಿಗಿಯಾಗಿ ಸುತ್ತಿಕೊಂಡಿದ್ದಳು, ಮುಖ ಇಳಿದುಹೋಗಿತ್ತು. ಜನರ ನಡುವೆ ಹಾದು ಅತ್ತೆಯ ಮುಂದೆ ಬಂದು ನಿಂತಳು.

"ದೊಡ್ಡಮ್ಮ" ಎಂದಳು. "ನಮ್ಮನೆ ಹೊಸ್ತಿಲಿಗೂ ನೀವೇ ಹಾಕಿದ್ದಾ?"

ನಾನು ಅತ್ತೆಯ ಮುಖ ನೋಡಿದೆ. ಜೀವಮಾನದಲ್ಲಿ ಒಂದು ಸುಳ್ಳು ಹೇಳಿದವರಲ್ಲ, ಅದಕ್ಕೇ ಅವರ ಜೊತೆ ಬಾಳುವುದು ಅಷ್ಟು ಕಷ್ಟವಾಗಿತ್ತು ನನಗೆ.

"ಹೂಂ ಕಣೇ" ಎಂದರು ಅತ್ತೆ, ಹಲಗೆಯ ಮೇಲೆ ಸರಿದು ಅವಳಿಗೆ ಜಾಗ ಮಾಡಿಕೊಡುತ್ತಾ. "ನಿಮ್ಮನೆಗೇ ಮೊದ್ಲು ಹಾಕಿದ್ದು. ಬಾ, ಕೂತ್ಕೋ."